ಅಪ್ಪ ಆರಿಸಿದ ಬಟ್ಟಲು

ಮನೆಯಿಂದ,
ಮಾರ್ಚ್ ಹನ್ನೆರಡು, ಸಂಜೆ

ಮುದ್ದಿನ ಗುಬ್ಬೀ,

ಹೇಗಿದ್ದೀಯೆ? ಸೊಂಟನೋವು ಕಡಿಮೆಯಾಯಿತೇ? ಮಗು ಮಲಗಿದಾಗ ನೀನೂ ಮಲಗು, ಒಗೆಯುವ ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಗು ಒಂದೇ ಸಮನೆ ಅಳುತ್ತದೆ ಎಂದು ಬರೆದಿದ್ದೀಯ. ನೀನೂ ಹಾಗೇ ಇದ್ದೆ. ಬೀದಿಯವರೆಲ್ಲ ಬೈದುಕೊಂಡರೂ ನಿಮ್ಮಪ್ಪ ಮಾತ್ರ, "ಬೈಕೊಳ್ಳಲಿ ಬಿಡು, ಶ್ರುತಿ ಚೆನ್ನಾಗಿದೆ" ಎಂದು ನಗುತ್ತಿದ್ದರು.

ಅವರ ವಿಷಯವನ್ನೇ ಬರೆಯಬೇಕಿತ್ತು. ಎಡಗಿವಿ ಹೋದದ್ದು ನಿನಗೆ ಗೊತ್ತು. ಈ ಸಲದ ಜ್ವರ ಬಲಗಿವಿಯನ್ನೂ ತೆಗೆದುಕೊಂಡು ಹೋಯಿತು. ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಊರಿನ ಪಿಯಾನೊಗಳಿಗೆಲ್ಲ ಶ್ರುತಿ ಕೂಡಿಸಿದವರು ಈಗ ಬಾಗಿಲ ಗಂಟೆ ಹೊಡೆದರೂ ಏಳುವುದಿಲ್ಲ. ಉಪಕರಣಗಳ ಚೀಲವನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದಾರೆ. ನಾನು ಸ್ಲೇಟಿನಲ್ಲಿ ಬರೆದರೆ ಓದಿ ತಲೆಯಾಡಿಸುತ್ತಾರೆ, ಅಷ್ಟೇ.

ಟಿಬೆಟಿನ ಹಾಡುವ ಬಟ್ಟಲನ್ನು ಅಂಗೈಯಲ್ಲಿಟ್ಟು ನುಡಿಸಿದರೆ ದನಿ ಮೂಳೆಗೇ ತಾಗುತ್ತದಂತೆ ಎಂದು ಪಕ್ಕದ ಮನೆಯ ನರ್ಸಮ್ಮ ಹೇಳಿದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ತಾನೇ? ಹೋದ ವಾರ ನಿಮ್ಮಪ್ಪನನ್ನು ಅಂಥವನ್ನು ಮಾರುವ ಕಡೆ ಕರೆದುಕೊಂಡು ಹೋದೆ. ಕಿರಿದಾದ ಅಂಗಡಿ, ಗೋಡೆ ತುಂಬ ಕಂಚಿನ ಬಟ್ಟಲುಗಳು. ಅಂಗಡಿಯ ಹೆಂಗಸು ಒಂದೊಂದನ್ನೇ ಅವರ ಕೈಯಲ್ಲಿಟ್ಟು ಅಂಚಿನ ಸುತ್ತ ಮರದ ಕೋಲು ತಿರುಗಿಸಿದಳು. ಎಂಥ ದನಿ ಅಂತೀಯ! ನನಗೆ ಕಣ್ಣು ತುಂಬಿ ಬಂತು. ಅವರು ಮಾತ್ರ, ಬಸ್ಸು ಬಾರದ ನಿಲ್ದಾಣದಲ್ಲಿ ನಿಂತವರ ಹಾಗೆ ನಿಂತಿದ್ದರು.

ಸಾಕು, ಹೊರಡೋಣ ಎಂದು ನಾನು ಸನ್ನೆ ಮಾಡಿದೆ. ಅಷ್ಟರಲ್ಲಿ ಅವರೇ ಬಗ್ಗಿ, ಕೆಳಗಿನ ಹಲಗೆಯಿಂದ ಒಂದು ಕಪ್ಪಿಟ್ಟ ಬಟ್ಟಲನ್ನು ತೆಗೆದು ಬಡಿದರು. ತಗಡಿನ ಡಬ್ಬದಲ್ಲಿ ಜೀರುಂಡೆ ಸಿಕ್ಕಿಕೊಂಡಂಥ ಸದ್ದು! ಆದರೆ ಅವರ ಮುಖ ನೋಡಬೇಕಿತ್ತು. "ಬಂತು ಕಣೇ! ಮೊಣಕೈವರೆಗೂ ಬಂತು!" ಎಂದು ಅಂಗಡಿಯೆಲ್ಲ ತಿರುಗಿ ನೋಡುವಂತೆ ಕೂಗಿದರು. ತಮ್ಮ ದನಿ ಎಷ್ಟು ದೊಡ್ಡದೆಂದು ಪಾಪ ಅವರಿಗೆ ತಿಳಿಯುವುದಿಲ್ಲ. ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ಅದು ಬೇಡಮ್ಮಾ, ಸಣ್ಣ ಸೀಳಿದೆ. ಯಾರೂ ತಗೊಳ್ಳಲ್ಲ ಅಂತ ಕೆಳಗಿಟ್ಟಿದ್ದೆ. ನೀವಾದ್ರೂ ಹೇಳಿ" ಎಂದಳು.

ಸ್ಲೇಟು ನನ್ನ ಚೀಲದಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ. ತಂತಿ ಕೂದಲೆಳೆಯಷ್ಟು ಇಳಿದರೂ ಊಟ ಸೇರದಿದ್ದ ಮನುಷ್ಯನಿಗೆ, ನೀವು ಆರಿಸಿದ್ದು ಒಡಕು ದನಿ ಎಂದು ಹೇಗೆ ಬರೆಯಲಿ?

ಈಗ ಬೆಳಿಗ್ಗೆ ಎದ್ದರೆ ಕಿಟಕಿಯ ಬಳಿ ಕೂತು ಅದನ್ನೇ ಬಡಿಯುತ್ತಾರೆ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ. ಮುಖ ನೋಡಿದರೆ ಸಂತೋಷ, ಸದ್ದು ಕೇಳಿದರೆ ಸಂಕಟ. ನೀನು ಬಂದಾಗ ಮುಖ ಸಿಂಡರಿಸಬೇಡ, ತಾಯಿ. ಈ ಗುಟ್ಟು ನಮ್ಮಿಬ್ಬರಲ್ಲೇ ಇರಲಿ.

ಮಗುವಿನ ಅಂಗಾಲಿಗೊಂದು ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಅಯ್ಯೋ, ನಿಮ್ಮಪ್ಪ ಹಿಂದೆ ನಿಂತು ಎಲ್ಲ ಓದಿಬಿಟ್ಟಿದ್ದಾರೆ! "ಸೀಳಿದೆ ಅಂತ ಕೈಗೆ ಅಲ್ಲೇ ಗೊತ್ತಾಯ್ತು ಕಣೇ. ಒಳ್ಳೇವೆಲ್ಲ ಸುಮ್ನೆ ಕೂತಿದ್ವು, ಇದೊಂದೇ ಮಾತಾಡ್ತು" ಎಂದರು. ಈಗ ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ. ಇನ್ನು ಮುಂದಿನದು ಅವರ ಅಕ್ಷರ.

ಗುಬ್ಬಿ, ಮಗೂನ ಬೇಗ ಕರ್ಕೊಂಡು ಬಾ. ಅಳ್ತಾ ಇದ್ದರೆ ಅಳಲಿ, ಸಮಾಧಾನ ಮಾಡಬೇಡ. ಹಾಗೇ ನನ್ನ ಎದೆ ಮೇಲೆ ಹಾಕು.