ಅವ್ವನ ಚೀಟಿಯ ಅಂಕಿ

ಗಂಗಾವತಿ
೨೦-೭-೧೯೮೪

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾಳಿಗೆ ಹತ್ತಿ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ. ಕುಷ್ಟಗಿಯಲ್ಲಿ ಮಳೆಯಾಯಿತೇ? ನಾನು ಆರಾಮಿದ್ದೇನೆ. ಮೊನ್ನೆ ಊರಿಗೆ, ಇರಕಲ್ಲಗಡಕ್ಕೆ ಹೋಗಿದ್ದೆ. ದೊಡ್ಡಪ್ಪ ಗಟ್ಟಿಯಿದ್ದಾನೆ, ಅವನ ಬಾಯಿಯೂ ಅಷ್ಟೇ ಗಟ್ಟಿ.

ಈ ಸಲ ನೀನು ಪಂಚಮಿಗೆ ತವರಿಗೆ ಬರುವುದಿಲ್ಲವೆಂದು ಭಾವ ಹೇಳಿ ಕಳಿಸಿದ್ದಾರೆ. ಯಾಕೆಂದು ನನಗೆ ಗೊತ್ತು. ಅವ್ವನನ್ನು ಮಣ್ಣು ಮಾಡಿದ ದಿನ ದೊಡ್ಡಪ್ಪ ಎಲ್ಲರೆದುರಿಗೆ, "ಸಕ್ಕರಿ ಬ್ಯಾನಿ ಇದ್ದಾಕಿಗೆ ಮಗಳು ಉಂಡಿ ತಿನಿಸಿ ಕೊಂದ್ಲು" ಎಂದುಬಿಟ್ಟ. ನೀನು ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದೆ. ಪಕ್ಕದಲ್ಲೇ ಕುಳಿತಿದ್ದ ನಾನು ತುಟಿ ಬಿಚ್ಚಲಿಲ್ಲ. ಹೋದ ಪಂಚಮಿಗೆ ಅವ್ವ ನಿನ್ನನ್ನು ಬೆಲ್ಲದ ಉಂಡಿ ಕೇಳಿದ್ದು ನನ್ನ ಲ್ಯಾಬಿನ ಚೀಟಿ ತೋರಿಸಿಯೇ ಅಲ್ಲವೇ? "ನನ್ನ ಮಗ ನೋಡ್ಯಾನ, ಸಕ್ಕರಿ ಇಳದೈತಿ, ಇನ್ನೊಂದು ಕೊಡವಾ" ಎಂದು.

ನನ್ನ ಕೆಲಸ ನಡೆದಿದೆ. ಬೆಳಿಗ್ಗೆ ಯಾರದೇ ರಕ್ತ ಮುಟ್ಟುವ ಮೊದಲು, ಎಷ್ಟು ಸಕ್ಕರೆ ಇದೆಯೆಂದು ಗೊತ್ತಿರುವ ನೀರನ್ನೇ ಒಮ್ಮೆ ಪರೀಕ್ಷಿಸುತ್ತೇನೆ. ಅದರ ಅಂಕಿ ಸರಿ ಬಂದರಷ್ಟೇ ಮುಂದಿನ ಕೆಲಸ, ಇಲ್ಲದಿದ್ದರೆ ಪರೀಕ್ಷೆಗೆ ಹಾಕುವ ಔಷಧಿ ಕೆಟ್ಟಿದೆಯೆಂದೇ ಅರ್ಥ. "ಎಷ್ಟೊತ್ತು ಕುಂದರಸ್ತೀರಿ?" ಎಂದು ಹೊರಗಿನವರು ಗೊಣಗುತ್ತಾರೆ. ಗೊಣಗಲಿ.

ಹಬ್ಬ ಬಿಡಬೇಡ ಅಕ್ಕಾ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ,
ಕರಿಬಸಪ್ಪ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವರ್ಷ ಹಬ್ಬದ ಮುಂಚೆ ಅವ್ವ ಮೊದಲ ಬಸ್ಸಿಗೆ ಹಸಿದುಕೊಂಡು ಬಂದಿದ್ದಳು. ಬೇಗ ಉಣ್ಣಲಿ ಎಂದು ಆ ನೀರಿನ ಪರೀಕ್ಷೆ ಬಿಟ್ಟು ಅವಳ ರಕ್ತ ತೆಗೆದೆ. ನೂರಾ ಹತ್ತು ಬಂತು, ಬರೆದುಕೊಟ್ಟೆ. ಮರುದಿನ ನೋಡಿದರೆ ಇನ್ನೂರು ತೋರಿಸಬೇಕಾದ ನೀರು ನೂರು ತೋರಿಸಿತು. ಅಂದರೆ ಅವ್ವನ ಸಕ್ಕರೆಯೂ ನಾನು ಬರೆದುಕೊಟ್ಟದ್ದರ ಇಮ್ಮಡಿ ಇತ್ತು. ಹಿಂದಿನ ದಿನದ ರಿಜಿಸ್ಟರಿನಲ್ಲಿದ್ದ ಒಂಬತ್ತು ಜನರಿಗೂ ಮತ್ತೆ ಬನ್ನಿರೆಂದು ಕಾರ್ಡು ಹಾಕಿದೆ. ಮನೆಯವರ ಹೆಸರನ್ನು ನಾವು ರಿಜಿಸ್ಟರಿಗೆ ಏರಿಸುತ್ತಿರಲಿಲ್ಲ. ಅವ್ವನಿಗೆ ಬಾಯಿಂದಲೇ ಹೇಳೋಣವೆಂದು ಪಂಚಮಿಗೆ ಬಂದೆ. ಅವಳು ಆ ಚೀಟಿಯನ್ನು ದೇವರ ಫೋಟೋಕ್ಕೆ ಸಿಗಿಸಿ, ನಿನ್ನ ಉಂಡಿ ತಿನ್ನುತ್ತ ನಗುತ್ತಿದ್ದಳು. ಹಬ್ಬ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ನಾಚಿಕೆಯಾಯಿತು. ಕಾಲಿನ ಹುಣ್ಣು ಕೊಳೆತು ಅವಳು ಕಣ್ಣು ಮುಚ್ಚುವವರೆಗೂ ಹೇಳಲಿಲ್ಲ. ನಿನ್ನದೇನೂ ತಪ್ಪಿಲ್ಲ ಅಕ್ಕಾ. ಇದನ್ನೇ ದೊಡ್ಡಪ್ಪನಿಗೂ ಬರೆದು ಇವತ್ತೇ ಟಪಾಲಿಗೆ ಹಾಕಿದ್ದೇನೆ. ಹಬ್ಬಕ್ಕೆ ನೀನು ಹೋಗು. ನೀನು ಕರೆದರೆ ಮಾತ್ರ ನಾನು ಬರುತ್ತೇನೆ.