ಗಿರಣಿ ಅತ್ತರಿನ ಸೀನು

ಗದಗ, ಫೆಬ್ರವರಿ 30, 2191

ಜುಬೇದಕ್ಕಾ,

ತಾರೀಕು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡವೂ ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ನಾನು ಮುಕ್ತಾ ಹಡಪದ, ಹದಿನೆಂಟು ವರ್ಷ, ನಿಮ್ಮ ಅತ್ತರುಗಳ ಹುಚ್ಚಿ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ. ಒಬ್ಬರಿಗೆ ಜೀವಮಾನಕ್ಕೆ ಒಂದೇ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ.

ನಮ್ಮ ಮನೆಗಳಿಗೆ ನಳದಲ್ಲಿ ನೀರು ಬಂದಂತೆ ಬೋಳುಗಾಳಿ ಬರುತ್ತದೆ. ಸೋಸಿ, ವಾಸನೆಯನ್ನೆಲ್ಲ ತೆಗೆದ ಗಾಳಿ. ಒಗ್ಗರಣೆ ಹಾಕಿದರೂ ಪಕ್ಕದ ಕೋಣೆಗೆ ಗೊತ್ತಾಗುವುದಿಲ್ಲ. ಅಪ್ಪ ಹೊರಗಿನಿಂದ ಬಂದರೆ ಬಾಗಿಲಲ್ಲೇ ಯಂತ್ರ ಅವನ ಬೆವರಿನ ವಾಸನೆ ಹೀರಿಕೊಳ್ಳುತ್ತದೆ. ಏನಾದರೂ ಮೂಸಬೇಕೆಂದರೆ ಹಳೆಯ ವಾಸನೆಗಳನ್ನು ಬಾಟಲಿಯಲ್ಲಿ ಕಾಪಾಡುವ ಮೂಗುಮನೆಗೇ ಹೋಗಬೇಕು.

ಅಲ್ಲೇ ನೀವು ಮಾಡಿದ 'ಗಿರಣಿ ಪಾಳಿ' ಅತ್ತರು ಮೂಸಿದೆ. ಮೊದಲು ಬಿಸಿ ಜೋಳದ ಹಿಟ್ಟು, ಗೋಣಿಚೀಲ, ಕಾದ ಬೆಲ್ಟಿನ ರಬ್ಬರ್. ಆಮೇಲೆ ಮೂರು ಸೀನು, ಕಣ್ಣಲ್ಲಿ ನೀರು! ಗಿರಣಿಯನ್ನೇ ನೋಡದ ನಾನು ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತಿದ್ದೆ.

ಆ ಸೀನು ಎಲ್ಲಿಂದ ಬಂತು ಅಂತ ನಿಮ್ಮ ವಿಡಿಯೋದಲ್ಲಿ ನೋಡಿದ್ದೇನೆ. ಬೇರೆಯವರು ಮಲ್ಲಿಗೆ, ಗುಲಾಬಿ ಅಂತ ಕೂತಿದ್ದಾಗ ನೀವು ಪ್ರತಿ ಅತ್ತರನ್ನೂ ಅರಿವೆ ತುಂಡಿಗೆ ಹಚ್ಚಿ, ಆ ವಾಸನೆಯಲ್ಲೇ ಬದುಕಿದವರ ಕೈಗೆ ಕೊಡುತ್ತಿದ್ದಿರಿ. ಗಿರಣಿ ಮುಂದೆ ನಿಂತಿದ್ದ ನಿಂಗವ್ವಜ್ಜಿ ಮೂಸಿ ಮೂಗು ಮುರಿದಳು: "ಛಲೋ ಐತಿ ಬಿಡವಾ. ಆದ್ರ ಇದು ಸಿನಿಮಾದಾಗಿನ ಗಿರಣಿ. ನಮ್ಮ ಗಿರಣ್ಯಾಗ ಮುಂದಿನಾಕಿ ಖಾರ ಬೀಸಿಸಿರತಾಳ. ನಾವು ಸೀನಕೋತ, ಆಕಿನ್ನ ಬೈಕೋತ ನಿಂತಿರತೇವಿ!" ನೀವು ಸಿಟ್ಟಾಗಲಿಲ್ಲ. ಎಂಟು ತಿಂಗಳು ಕೂತು ಆ ಘಾಟು ಸೇರಿಸಿದಿರಿ.

ಆ ಘಾಟನ್ನೇ ಈಗ ಅತ್ತರಿನಿಂದ ತೆಗೆಯುತ್ತಾರಂತೆ! ಮೂಗುಮನೆಯ ಪಟ್ಟಿಯಲ್ಲಿ ಅದು 'ದೋಷ'. ಇರುವುದು ಒಂದೇ ಬಾಟಲಿ. ವಾಸನೆ ಹುಚ್ಚರೆಲ್ಲ ಹರಟುವ ನಮ್ಮ ಮೂಸುಗುಂಪಿನಲ್ಲಿ ನಾನು ಜಗಳ ತೆಗೆದೆ. ಮೂಗುಮನೆಯ ಮೇಲ್ವಿಚಾರಕ ರುದ್ರೇಶ ಬರೆದ: "ತಂಗೀ, ಸೀನು ಬರಸೂದಕ್ಕ ಅತ್ತರ ಅನ್ನೂದಿಲ್ಲ, ನೆಗಡಿ ಅಂತಾರ." ಅದಕ್ಕೆ ನಾಲ್ಕುನೂರು ನಗುಮುಖ. ನಾನು ಬರೆದೆ: "ಅಣ್ಣಾರ, ನಿಮ್ಮ ಮೂಗು ಇರೂದು ಬರೇ ಚಾಳೀಸ ಕೂಡ್ರಸಾಕೇನು?" ನನ್ನನ್ನು ಗುಂಪಿನಿಂದ ಹೊರಹಾಕಿದರು.

ಹಾಕಲಿ. ಆದರೆ ಗಿರಣಿಯ ಧೂಳನ್ನೇ ಕಾಣದವರು ನಿಂಗವ್ವಜ್ಜಿಯನ್ನು ತಿದ್ದುವುದಾ? ಈ ಅಧಿಕಾರ ಕೊಟ್ಟವರು ಯಾರು?

ಅವರದೊಂದು ನಿಯಮವಿದೆ: ಬೇಕೆಂದೇ ಹಾಕಿದ್ದು ಅಂತ ಅತ್ತರು ಮಾಡಿದವರೇ ಕೈಯಾರೆ ಬರೆದಿದ್ದರೆ ಮುಟ್ಟುವಂತಿಲ್ಲ. ವಿಡಿಯೋ ನಡೆಯುವುದಿಲ್ಲವಂತೆ, ಯಾರು ಬೇಕಾದರೂ ನಕಲಿ ಹುಟ್ಟಿಸಬಹುದಂತೆ. ನಮ್ಮ ಕಾಲದವರೆಗೂ ಉಳಿದಿರುವ ನಿಮ್ಮ ನೋಟ್‌ಬುಕ್ಕಿನ ಮೂವತ್ತೇಳನೇ ಪುಟದಲ್ಲಿ ಒಣಮೆಣಸಿನಕಾಯಿಯ ಅಳತೆ ಇದೆ, ಕಾರಣ ಇಲ್ಲ. ಅದಕ್ಕೇ ಕೈತಪ್ಪು ಅನ್ನುತ್ತಿದ್ದಾರೆ. ಪುಟದ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಇದೆ, ಅಕ್ಕಾ.

ಯಾರಿಗೂ ಸಮಜಾಯಿಷಿ ಕೊಡುವವರಲ್ಲ ನೀವು, ಗೊತ್ತು. ಆದರೂ ಘಾಟು ಬೇಕೆಂದೇ ಹಾಕಿದ್ದು ಅಂತ ಆ ಜಾಗದಲ್ಲಿ ಒಂದೇ ಒಂದು ಸಾಲು ಬರೆಯಿರಿ. ಪೆನ್ಸಿಲ್ ಬೇಡ, ಮಾಸುತ್ತದೆ. ನಾಳೆ ಹತ್ತು ಗಂಟೆಗೆ ಬಾಟಲಿ ತೆರೆಯುತ್ತಾರೆ. ನಾನು ಆ ಪುಟ ತೆರೆದಿಟ್ಟುಕೊಂಡು ಕೂತಿದ್ದೇನೆ.

ನಿಮ್ಮ
ಮುಕ್ತಾ