ಏಳನೇ ಗೂಡಿನ ಗೂಟ

ಮೇ ೨೧, ಬುಧವಾರ. ಕೋರ್ಗಾಲ್ಜಿನ್ ಹುಲ್ಲುಗಾವಲು.

ಏಳನೇ ಗೂಡಿನ ಮೊಟ್ಟೆಗಳು ಮಲಗಲು ಬಿಡುತ್ತಿಲ್ಲ.

ಹಕ್ಕಿಗಣತಿಯ ಗುರುತಿಗೆಂದು ಅದರ ಪಕ್ಕ ಗೂಟ ನೆಟ್ಟವಳು ನಾನೇ. ಬೆಳಿಗ್ಗೆ ಹೋದರೆ ಗೂಟದ ತುಂಬ ಬಣ್ಣದ ಬಟ್ಟೆಚೂರುಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಟಿಟ್ಟಿಭ ಹಕ್ಕಿ ಹೆದರಿ ಗೂಡು ಬಿಟ್ಟು ದೂರ ನಿಂತಿತ್ತು. ಮೊಟ್ಟೆ ಮುಟ್ಟಿ ನೋಡಿದೆ.

ಅಷ್ಟರಲ್ಲಿ ಕುರಿ ಕಾಯುವ ತುಲೆಗೆನ್ ಅಜ್ಜ ಕುದುರೆಯಿಂದಿಳಿದು ಬಂದ.

"ಯಾರಜ್ಜಾ ಇವನ್ನ ಕಟ್ಟಿದ್ದು?"

"ಮೊದಲನೇದು ನಂದು. ಸೊಸೆಗೊಂದು ಮಗು ಆಗ್ಲಿ ಅಂತ. ಮಿಕ್ಕಿದ್ದು ಊರವರದು. ಓದಿದ ಹುಡುಗಿ ನೀನು, ದಿನಾ ಬಂದು ಮಂಡಿಯೂರಿ ತಲೆ ಬಗ್ಗಿಸಿ ಏನೋ ಗೊಣಗ್ತೀಯ. ಯಾರೋ ಸಂತರ ಸಮಾಧಿ ಇರ್ಬೇಕು ಅಂದ್ಕೊಂಡ್ವಿ."

"ಮೊಟ್ಟೆ ಎಣಿಸ್ತಿದ್ದೆ ಅಜ್ಜಾ!"

ಅಜ್ಜ ನಗಲಿಲ್ಲ. ಹರಕೆಯ ಗಂಟು ಬಿಚ್ಚುವಂತಿಲ್ಲ. ಬಟ್ಟೆಗಳ ಸಮೇತ ಗೂಟ ಕಿತ್ತು ನೂರು ಹೆಜ್ಜೆ ಆಚೆ ನೆಟ್ಟ. "ಸಂತರು ಬಾಣಂತಿಗೆ ಜಾಗ ಬಿಟ್ಕೊಟ್ರು ಅಂತ ಊರಲ್ಲಿ ಹೇಳ್ತೀನಿ ಬಿಡು."

ಹಕ್ಕಿ ಮರಳುತ್ತದೆಯೇ ಎಂದು ಕಾಯಲು ನಾನು ದೂರ ಸರಿದು ಮಲಗಿದೆ. ಮಂದೆಯನ್ನು ನಾಯಿಗೆ ಒಪ್ಪಿಸಿ ಅವನೂ ನನ್ನ ಪಕ್ಕ ಹುಲ್ಲಿನಲ್ಲಿ ಬೋರಲು ಮಲಗಿದ. ಬೆಳ್ಳಿ ಬಣ್ಣದ ಹುಲ್ಲು ಅಲೆಯಲೆಯಾಗಿ ಬಾಗಿ ಏಳುತ್ತಿತ್ತು. ನಾವಿಬ್ಬರೂ ಯಾವುದೋ ದೊಡ್ಡ ಪ್ರಾಣಿಯ ಬೆನ್ನಿನ ಮೇಲೆ ಮಲಗಿ ತೇಲುತ್ತಿದ್ದೇವೆ ಅನ್ನಿಸಿತು. ಎಷ್ಟು ಹೊತ್ತಾಯಿತೋ. ಟಿಟ್ಟಿಭ ನಾಲ್ಕು ಹೆಜ್ಜೆ ಓಡಿತು, ನಿಂತಿತು, ಮತ್ತೆ ಓಡಿತು. ಕೊನೆಗೆ ಎದೆಯ ಗರಿ ಉಬ್ಬಿಸಿ ಮೊಟ್ಟೆಗಳ ಮೇಲೆ ಕೂತಿತು.

ಅಜ್ಜ ನನ್ನ ಕೈ ಹಿಡಿದುಕೊಂಡ. "ಕೂತಿತು ನೋಡು. ಇನ್ನು ನನ್ನ ಸೊಸೆಗೂ ಆಗತ್ತೆ."

ಬೆಳಿಗ್ಗೆ ಮುಟ್ಟಿದಾಗ ಮೊಟ್ಟೆಗಳು ಕಲ್ಲಿನಷ್ಟು ತಣ್ಣಗಿದ್ದವೆಂದು ಅವನಿಗೆ ಹೇಳಲಿಲ್ಲ. ದಾಖಲೆಪುಸ್ತಕ ಮುಂದೆಯೇ ಇದೆ. ಮೊಟ್ಟೆ ಸತ್ತಿವೆ ಎಂದು ಬರೆಯಬೇಕಾದ ಏಳನೇ ಗೂಡಿನ ಸಾಲು ಖಾಲಿ. ಇವತ್ತೊಂದು ರಾತ್ರಿ ಖಾಲಿಯೇ ಇರಲಿ, ಹಕ್ಕಿ ಇನ್ನೂ ಕೂತೇ ಇರಬೇಕು.